ಜಾಸ್ತಿ ಓಟು ಬಂದರೂ ಸೋಲುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿನ ಪೌರತ್ವ ಸಿಕ್ಕ ಮೇಲೆ 2024ರಲ್ಲಿ ಮೊದಲ ಸಲ ಓಟು ಹಾಕಿದಳು. ‘ಇಲ್ಲಿ ನಮ್ಮ ಓಟಿಗೆ ಬೆಲೆ ಇಲ್ಲಪ್ಪ, ಎಲ್ಲ ಪಕ್ಕದ ಪೆನ್ಸಿಲ್ವೇನಿಯಾದವರ ಕೈಲಿದೆ’ ಅಂತಾಳೆ. ಒಂದೇ ದೇಶದಲ್ಲಿ ಹೀಗೂ ಉಂಟೇ? 2016ರಲ್ಲಿ ಹಿಲರಿ ಕ್ಲಿಂಟನ್ ಜಾಸ್ತಿ ಓಟು ಪಡೆದೂ ಸೋತರಂತಲ್ಲ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳ ಮಾತು ಅರ್ಧ ನಿಜ.

ಅಧ್ಯಕ್ಷರ ಆಯ್ಕೆಗೆ ಅಲ್ಲಿ ಒಂದೇ ದಿನ 51 ಬೇರೆ ಬೇರೆ ಚುನಾವಣೆ ನಡೆಯುತ್ತವೆ ಅಂದುಕೊಳ್ಳಿ. 50 ರಾಜ್ಯಗಳದ್ದು, ಇನ್ನೊಂದು ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯದ್ದು. ಜನ ಆರಿಸುವುದು ‘ಎಲೆಕ್ಟರ್’ಗಳನ್ನು, ಅಧ್ಯಕ್ಷರನ್ನು ಆರಿಸುವವರು ಆ ಎಲೆಕ್ಟರ್‌ಗಳು. ಒಂದು ರಾಜ್ಯಕ್ಕೆ ಪ್ರತಿನಿಧಿ ಸಭೆಯಲ್ಲಿ (ಅಲ್ಲಿನ ಸಂಸತ್ತಿನ ಕೆಳಮನೆ) ಎಷ್ಟು ಸ್ಥಾನವಿದೆಯೋ ಅದಕ್ಕೆ ಮೇಲ್ಮನೆಯ ಇಬ್ಬರು ಸೆನೆಟರ್‌ಗಳನ್ನು ಕೂಡಿಸಿದರೆ ಅಷ್ಟು ಎಲೆಕ್ಟರ್‌ಗಳು. ಡಿ.ಸಿ.ಗೆ 3. ಒಟ್ಟು 538. ಗೆಲ್ಲಲು 270 ಬೇಕು.

ಎಡವಟ್ಟು ಆಗುವುದು ಮುಂದಿನ ಹಂತದಲ್ಲಿ. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟು ಉಳಿದ ಕಡೆ ರಾಜ್ಯದಲ್ಲಿ ಒಂದೇ ಒಂದು ಓಟು ಮುಂದಿದ್ದರೂ ಅಲ್ಲಿನ ಅಷ್ಟೂ ಎಲೆಕ್ಟರ್‌ಗಳು ಗೆದ್ದವರಿಗೇ. 2016ರಲ್ಲಿ ಕ್ಲಿಂಟನ್ ಕ್ಯಾಲಿಫೋರ್ನಿಯಾ ಒಂದರಲ್ಲೇ 40 ಲಕ್ಷಕ್ಕೂ ಜಾಸ್ತಿ ಓಟಿನಿಂದ ಮುಂದಿದ್ದರು. ಒಂದು ಓಟಿನಿಂದ ಗೆದ್ದಿದ್ದರೂ ಸಿಗುತ್ತಿದ್ದದ್ದು ಅಷ್ಟೇ ಎಲೆಕ್ಟರ್‌ಗಳು. ಟ್ರಂಪ್ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರನ್ನೂ ಸೇರಿಸಿ 80 ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದು 46 ಎಲೆಕ್ಟರ್‌ಗಳನ್ನು ಪಡೆದರು. ದೇಶದ ಲೆಕ್ಕದಲ್ಲಿ ಸುಮಾರು 29 ಲಕ್ಷ ಓಟು ಹಿಂದಿದ್ದೂ ಅಧ್ಯಕ್ಷರಾದರು. 2000ದಲ್ಲಿ ಅಲ್ ಗೋರ್ ಅವರಿಗೂ ಹೀಗೇ ಆಯಿತು. ಫ್ಲೋರಿಡಾದಲ್ಲಿ ಬುಷ್ ಅವರಿಗೆ ಸಿಕ್ಕ ಮುನ್ನಡೆ 537 ಓಟು ಮಾತ್ರ.

ನಾವು ಇದನ್ನು ನೋಡಿ ನಗುವ ಹಾಗಿಲ್ಲ. 2018ರ ನಮ್ಮ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಶೇ 38ರಷ್ಟು ಓಟು ಬಂತು, ಬಿಜೆಪಿಗೆ ಶೇ 36ರಷ್ಟು. 104 ಸ್ಥಾನ ಗೆದ್ದು ದೊಡ್ಡ ಪಕ್ಷವಾದದ್ದು ಬಿಜೆಪಿ. ಓಟನ್ನು ಕ್ಷೇತ್ರವಾರು ಎಣಿಸಿದರೆ ಹೀಗಾಗಬಹುದು. ಅಮೆರಿಕದಲ್ಲಿ ಅಧ್ಯಕ್ಷರ ಹುದ್ದೆಗೆ ರಾಜ್ಯವೇ ಕ್ಷೇತ್ರ.

ನ್ಯೂಜೆರ್ಸಿಗೆ 14 ಎಲೆಕ್ಟರ್‌ಗಳು. 1992ರಿಂದ ಈಚೆಗೆ ಪ್ರತಿ ಸಲವೂ ಕ್ಲಿಂಟನ್ ಅವರ ಡೆಮಾಕ್ರಟಿಕ್ ಪಕ್ಷಕ್ಕೇ ಹೋಗಿದ್ದಾರೆ. ಫಲಿತಾಂಶ ಮೊದಲೇ ಗೊತ್ತಿರುವ ಕಡೆ ಯಾರು ಬಂದು ಭಾಷಣ ಮಾಡುತ್ತಾರೆ? ದುಡ್ಡು, ಜಾಹೀರಾತು, ಸಭೆ ಎಲ್ಲ ಎತ್ತ ಬೇಕಾದರೂ ವಾಲಬಹುದಾದ ಪೆನ್ಸಿಲ್ವೇನಿಯಾದಂಥ ‘ಸ್ವಿಂಗ್ ಸ್ಟೇಟ್’ಗಳಿಗೆ. ಇನ್ನೊಂದು ಅನ್ಯಾಯವೂ ಇದೆ. ವಯೋಮಿಂಗ್‌ನಲ್ಲಿ ಸುಮಾರು 1.9 ಲಕ್ಷ ಜನಕ್ಕೆ ಒಬ್ಬ ಎಲೆಕ್ಟರ್, ಕ್ಯಾಲಿಫೋರ್ನಿಯಾದಲ್ಲಿ 7.3 ಲಕ್ಷಕ್ಕೆ ಒಬ್ಬ. ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಬದಲಾಯಿಸಿಲ್ಲ? ಸಂವಿಧಾನ ತಿದ್ದಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು, ಆಮೇಲೆ 38 ರಾಜ್ಯಗಳು ಒಪ್ಪಬೇಕು. ಈ ಪದ್ಧತಿಯಿಂದ ಲಾಭ ಪಡೆಯುತ್ತಿರುವ ಸಣ್ಣ ರಾಜ್ಯಗಳು ಸುಮ್ನೆ ಬಿಟ್ಟುಕೊಡುತ್ತವೆಯೇ?

ಇನ್ನು ಸುಳ್ಳಾದ ಅರ್ಧ. ಅದೇ ಮತಪತ್ರದಲ್ಲಿ ಸೆನೆಟ್, ಪ್ರತಿನಿಧಿ ಸಭೆ, ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಆಡಳಿತದ ಸ್ಥಾನಗಳೂ ಇರುತ್ತವೆ. ಬಹಳ ಊರುಗಳಲ್ಲಿ ಶಾಲಾ ಮಂಡಳಿಗೂ ಆಗಲೇ ಓಟು. ಅವಕ್ಕೆ ಎಲೆಕ್ಟರ್‌ಗಳ ಕಾಟವಿಲ್ಲ, ಜಾಸ್ತಿ ಓಟು ಬಂದವರೇ ಗೆಲ್ಲುತ್ತಾರೆ. ಮನೆ ತೆರಿಗೆ, ಶಾಲೆ, ರಸ್ತೆ ತೀರ್ಮಾನವಾಗುವುದು ಇಲ್ಲಿಯೇ. ನ್ಯೂಜೆರ್ಸಿಯ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಚುನಾವಣೆಯಂತೂ ಬೆಸ ವರ್ಷದಲ್ಲಿ, ಅಧ್ಯಕ್ಷರ ಗದ್ದಲವಿಲ್ಲದೆ ನಡೆಯುತ್ತದೆ. ಅದನ್ನು ತಪ್ಪಿಸಬೇಡ ಅಂತ ಮಗಳಿಗೆ ಹೇಳಿ.

ಪ್ರಶ್ನೆ: ಎಣಿಕೆ ಮುಗಿಯುವ ಮೊದಲೇ ಟಿವಿಯವರು ಗೆದ್ದವರ ಹೆಸರು ಹೇಳಿಬಿಡುತ್ತಾರೆ. ಅಲ್ಲಿ ಚುನಾವಣಾ ಆಯೋಗ ಇಲ್ಲವೇ?
– ಶಿಕ್ಷಕಿ, ಶಿರಸಿ

ಉತ್ತರ: ನಮ್ಮಂಥದ್ದು ಇಲ್ಲ. ಫೆಡರಲ್ ಎಲೆಕ್ಷನ್ ಕಮಿಷನ್ ಅಂತ ಒಂದಿದೆ, ಅದು ನೋಡಿಕೊಳ್ಳುವುದು ಪ್ರಚಾರದ ದುಡ್ಡಿನ ಲೆಕ್ಕ. ಓಟು ಎಣಿಸುವುದು ಕೌಂಟಿಯವರು, ಒಟ್ಟುಗೂಡಿಸಿ ಪ್ರಮಾಣೀಕರಿಸುವುದು ರಾಜ್ಯದವರು. ರಾಜ್ಯಕ್ಕೊಂದು ಕಾನೂನು. 2020ರಲ್ಲಿ ಪೆನ್ಸಿಲ್ವೇನಿಯಾದವರು ಅಂಚೆ ಮತದ ಲಕೋಟೆಯನ್ನು ಮತದಾನದ ದಿನಕ್ಕಿಂತ ಮೊದಲು ಒಡೆಯುವ ಹಾಗಿರಲಿಲ್ಲ. ಹಾಗಾಗಿ ನವೆಂಬರ್ 3ರ ಚುನಾವಣೆಯಲ್ಲಿ ಬೈಡನ್ ಗೆದ್ದರು ಅಂತ ಟಿವಿಯವರು ಹೇಳಿದ್ದು 7ರಂದು.

ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ 1848ರಿಂದಲೂ ಈ ಲೆಕ್ಕ ಕೊಡುತ್ತಾ ಬಂದಿದೆ. ಹಿಂದಿರುವವರು ಇನ್ನು ಮುಂದೆ ಬರಲು ಸಾಧ್ಯವೇ ಇಲ್ಲ ಅನ್ನಿಸಿದಾಗ ಹೆಸರು ಹೇಳುತ್ತಾರೆ. ಕಾನೂನಿನಲ್ಲಿ ಅದಕ್ಕೆ ಬೆಲೆ ಇಲ್ಲ. ಎಲೆಕ್ಟರ್‌ಗಳು ಡಿಸೆಂಬರ್‌ನಲ್ಲಿ ಓಟು ಹಾಕುತ್ತಾರೆ, ಕಾಂಗ್ರೆಸ್ (ಅಂದರೆ ಅಲ್ಲಿನ ಸಂಸತ್ತು) ಜನವರಿ 6ರಂದು ಎಣಿಸುತ್ತದೆ, ಪ್ರಮಾಣವಚನ 20ರಂದು. 2021ರಲ್ಲಿ ಜನ ಸಂಸತ್ ಭವನಕ್ಕೆ ನುಗ್ಗಿದ್ದು ಆ ಎಣಿಕೆಯ ಹೊತ್ತಿಗೇ.

ಪ್ರಶ್ನೆ: ಗ್ರೀನ್ ಕಾರ್ಡ್ ಇದ್ದರೆ ಓಟು ಹಾಕಬಹುದೇ? ನಮ್ಮವರು ಅಧ್ಯಕ್ಷರಾಗಬಹುದೇ?
– ಓದುಗ, ಮೈಸೂರು

ಉತ್ತರ: ಅಧ್ಯಕ್ಷರ ಚುನಾವಣೆಯಲ್ಲಿ ಗ್ರೀನ್ ಕಾರ್ಡಿನವರಿಗೆ ಓಟಿಲ್ಲ. ಗೊತ್ತಿಲ್ಲದೆ ಹಾಕಿದರೂ ಗಡೀಪಾರಾಗುವ ಅಪಾಯವಿದೆ, ಹುಷಾರು. ಪೌರತ್ವ ಪಡೆದು 7 ವರ್ಷವಾದವರು ಪ್ರತಿನಿಧಿ ಸಭೆಗೆ ನಿಲ್ಲಬಹುದು, ಸೆನೆಟ್‌ಗೆ 9 ವರ್ಷ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಗೆದ್ದದ್ದು ಹಾಗೆಯೇ. ಅಧ್ಯಕ್ಷರಾಗಲು ಮಾತ್ರ ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಅಲ್ಲಿ ವಾಸವಿರಬೇಕು.