ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಪದೇ ಪದೇ ಉಸಿರು ಕಟ್ಟುವ ಸಮಸ್ಯೆ) ಇದೆ, ಆದರೆ ಹಗಲು ನಿದ್ದೆ ಬರುವುದಿಲ್ಲ. ಬಿಪಿ ಮಾತ್ರೆ ಸಾಲದಾ, ಸಿಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ಇಡುವ ಮಷಿನ್) ಬೇಕೇ ಬೇಕಾ?

ಹಗಲು ತೂಕಡಿಕೆ ಇಲ್ಲ ಅಂದಮೇಲೆ ರಕ್ತನಾಳಕ್ಕೂ ಏನೂ ಆಗಿರುವುದಿಲ್ಲ ಅಂತ ನಾನೂ ನಂಬಿದ್ದೆ. ದಯವಿಟ್ಟು ಅದನ್ನು ನಂಬಬೇಡಿ. ನನಗೂ ಹಗಲು ನಿದ್ದೆ ಬರುತ್ತಿರಲಿಲ್ಲ. ಆದರೆ ಸ್ಲೀಪ್ ಸ್ಟಡಿಯಲ್ಲಿ ಗಂಟೆಗೆ 34 ಸಲ ಉಸಿರು ಕಟ್ಟುತ್ತಿತ್ತು. 30 ದಾಟಿದರೆ ತೀವ್ರ ಅಂತ ಲೆಕ್ಕ.

ಸಿಪ್ಯಾಪ್ ಮಷಿನ್ ತಂದೆ. ಮಾಸ್ಕ್ ಹಾಕಿಕೊಂಡೇ ಮಲಗುತ್ತಿದ್ದೆ, ಆದರೆ ನಡುರಾತ್ರಿ ಬಾತ್‌ರೂಮಿಗೆ ಎದ್ದಾಗ ತೆಗೆದು ದಿಂಬಿನ ಪಕ್ಕ ಇಟ್ಟರೆ ಮತ್ತೆ ಹಾಕಿಕೊಳ್ಳುತ್ತಿರಲಿಲ್ಲ. ನಾಲ್ಕು ಗಂಟೆ ಹಾಕಿದ್ದೇನಲ್ಲ, ಅರ್ಧ ಲಾಭವಾದರೂ ಸಿಗುತ್ತದೆ ಅಂದುಕೊಂಡಿದ್ದೆ. ನಾನು ಮಾಡಿದ ದೊಡ್ಡ ತಪ್ಪು ಇದೇ. ಕನಸು ಬೀಳುವ ನಿದ್ದೆ ಜಾಸ್ತಿ ಇರುವುದು ಬೆಳಗಿನ ಜಾವಕ್ಕೆ. ಆಗ ಗಂಟಲಿನ ಸ್ನಾಯು ತೀರಾ ಸಡಿಲ, ಉಸಿರು ಇನ್ನೂ ಹೆಚ್ಚು ಹೊತ್ತು ಕಟ್ಟುತ್ತದೆ, ಆಕ್ಸಿಜನ್ ಇನ್ನೂ ಕೆಳಗಿಳಿಯುತ್ತದೆ. ಅಂದರೆ ಮಾಸ್ಕ್ ತುಂಬಾ ಬೇಕಾದ ಹೊತ್ತಿಗೇ ನಾನು ಅದನ್ನು ತೆಗೆದಿಡುತ್ತಿದ್ದೆ!

ಹೀಗೆ ಆಕ್ಸಿಜನ್ ಇಳಿದು ಏರಿದಾಗಲೆಲ್ಲ ರಕ್ತನಾಳದ ಒಳಪದರಕ್ಕೆ ಪೆಟ್ಟು. ನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಆ ಪದರದಿಂದಲೇ ಬರಬೇಕು, ಅದು ಕಡಿಮೆಯಾಗುತ್ತದೆ. ಜೊತೆಗೆ ಪ್ರತಿ ಸಲವೂ ದೇಹ ಗಾಬರಿಬಿದ್ದು ಬಿಪಿ ಏರಿಸುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ನಾಳ ಗಡುಸಾಗುತ್ತದೆ. ನಿಮಗೆ ನಿದ್ದೆ ಬಂತೋ ಬಿಡ್ತೋ, ನಾಳಕ್ಕೆ ಅದು ಲೆಕ್ಕವಿಲ್ಲ.

ಮೂರು ಮಾತ್ರೆ ನುಂಗಿದರೂ ಬೆಳಿಗ್ಗೆಯ ಬಿಪಿ ಇಳಿಯಲಿಲ್ಲ. ಆಗ ಡಾಕ್ಟರು 24 ಗಂಟೆ ತೋಳಿಗೆ ಬಿಪಿ ಪಟ್ಟಿ ಕಟ್ಟಿ ಕಳಿಸಿದರು. ರಾತ್ರಿಯಿಡೀ ಆಗಾಗ ಅದು ಬುಸ್ ಅಂತ ಬಿಗಿಯುತ್ತಿತ್ತು. ಸಾಮಾನ್ಯವಾಗಿ ನಿದ್ದೆಯಲ್ಲಿ ಬಿಪಿ ಶೇ. 10ರಿಂದ 20ರಷ್ಟು ಇಳಿಯಬೇಕಂತೆ. ನನ್ನದು ಇಳಿದೇ ಇರಲಿಲ್ಲ, ಬೆಳಗಿನ ಜಾವ ಮೇಲಕ್ಕೇ ಹೋಗಿತ್ತು. ಗ್ರಾಫಿನಲ್ಲಿ ಆ ಗೆರೆ ನೋಡಿದಾಗ ಕೈ ತಣ್ಣಗಾಯಿತು.

ಅಂದಿನಿಂದ ಇಡೀ ರಾತ್ರಿ ಮಾಸ್ಕ್. ಮೂಗು ಒಣಗುತ್ತಿದ್ದುದಕ್ಕೆ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಹಾಕಿಸಿದೆ, ಮಾಸ್ಕಿನ ಸೈಜ್ ಬದಲಾಯಿಸಿದೆ. ಕೆಲವು ತಿಂಗಳಲ್ಲಿ ಡಾಕ್ಟರೇ ಒಂದು ಮಾತ್ರೆ ಕಡಿಮೆ ಮಾಡಿದರು. ಎಲ್ಲರಿಗೂ ಇಷ್ಟು ಇಳಿಯುವುದಿಲ್ಲ, ಅದೂ ನಿಜ. 2016ರಲ್ಲಿ ಬಂದ ಸೇವ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಆದರೆ ಅವರು ಮಷಿನ್ ಹಾಕಿಕೊಂಡಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಅದನ್ನು ಓದಿದಾಗ ನನ್ನ ದಿಂಬಿನ ಪಕ್ಕದ ಮಾಸ್ಕೇ ಕಣ್ಣಮುಂದೆ ಬಂತು.

ಹಾಗಾಗಿ ಮಾತ್ರೆಯೋ ಮಷಿನ್ನೋ ಅನ್ನುವ ಪ್ರಶ್ನೆಯೇ ಬೇಡ. ಮಾತ್ರೆ ನಿಲ್ಲಿಸಬೇಡಿ, 24 ಗಂಟೆ ಬಿಪಿ ನೋಡಬಹುದಾ ಅಂತ ಡಾಕ್ಟರನ್ನು ಕೇಳಿ. ಮಷಿನ್ ತಂದರೆ ಎಷ್ಟು ಗಂಟೆ ಓಡಿತು ಅಂತ ಬೆಳಿಗ್ಗೆ ಅದರ ಪರದೆಯಲ್ಲೇ ನೋಡಿಕೊಳ್ಳಿ. ನಡುರಾತ್ರಿ ಎದ್ದರೆ, ಮತ್ತೆ ತಲೆ ಇಡುವ ಮುಂಚೆ ಮಾಸ್ಕ್ ಹಾಕಿಕೊಳ್ಳಿ.