ಎನ್‌ಡಿವಿಐ ಕುಸಿಯಿತು, ಮರ ಮಾತ್ರ ಹಸಿರಾಗೇ ಇದೆ: ಕಾಂಡ್ಲಾ ಕಾಡಿನ ಉಪಗ್ರಹ ಚಿತ್ರಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಅಳಿವೆಯೊಂದರ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಗಮನಿಸುತ್ತಿದ್ದೇನೆ. ಒಂದೇ ಜಾಗದಲ್ಲಿ 2021ರ ಡಿಸೆಂಬರಿನಲ್ಲಿ ಕೆಂಪು ಪಟ್ಟಿಯ (ಬ್ಯಾಂಡ್) ಅಂಕಿ 310, ಅವಕೆಂಪಿನದು 3480 ಇತ್ತು; ಅವುಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ಪಡೆಯುವ ಹಸಿರಿನ ಸೂಚ್ಯಂಕ, ಅಂದರೆ ಎನ್‌ಡಿವಿಐ, 0.84 ಬಂತು. 2022ರ ಫೆಬ್ರುವರಿಯಲ್ಲಿ 1295 ಮತ್ತು 4510, ಎನ್‌ಡಿವಿಐ 0.55ಕ್ಕೆ ಇಳಿಯಿತು. ಆ ವಾರವೇ ಹೋಗಿ ನೋಡಿದ್ದೆ, ಮರಗಳು ಹಸಿರಾಗೇ ಇದ್ದವು. ನಮ್ಮ ಕಣ್ಣಿಗೆ ಕಾಣದ ರೋಗ ಉಪಗ್ರಹಕ್ಕೆ ಕಂಡಿತೇ?

ಉತ್ತರ: ಈ ಅಂಕಿಗಳಲ್ಲಿ ರೋಗದ ಸುಳಿವಿಲ್ಲ. ಎನ್‌ಡಿವಿಐ ಒಂದನ್ನೇ ಕಳಿಸದೆ ಎರಡೂ ಪಟ್ಟಿಗಳ ಅಂಕಿ ಬರೆದಿದ್ದೀರಲ್ಲ, ಅದು ಒಳ್ಳೆಯದಾಯಿತು. ಉತ್ತರ ಅದರಲ್ಲೇ ಇದೆ.

ಹಸಿರೆಲೆಯಲ್ಲಿರುವ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಎಲೆಯ ಒಳಗಿನ ಸ್ಪಂಜಿನಂಥ ಕೋಶಗಳು ಅವಕೆಂಪನ್ನು ಚದುರಿಸಿ ಹೊರಗೆ ಕಳಿಸುತ್ತವೆ. ಅದಕ್ಕೇ ಕಾಡಿನ ಮೇಲೆ ಕೆಂಪು ಕಡಿಮೆ, ಅವಕೆಂಪು ಹೆಚ್ಚು. ಎಲೆ ಸೊರಗಿದರೆ ಕೆಂಪು ಏರುತ್ತದೆ; ಎಲೆ ಒಣಗಿ ಉದುರತೊಡಗಿದರೆ ಅವಕೆಂಪು ಇಳಿಯುತ್ತದೆ. ನಿಮ್ಮಲ್ಲಿ ಆಗಿರುವುದು ಬೇರೆ: ಎರಡೂ ಏರಿವೆ, ಎರಡೂ ಹೆಚ್ಚುಕಡಿಮೆ 1000ದಷ್ಟೇ ಏರಿವೆ. ಯಾವ ರೋಗವೂ ಹಾಗೆ ಮಾಡುವುದಿಲ್ಲ.

2022ರ ಜನವರಿ 25ರಿಂದ ಸೆಂಟಿನೆಲ್-2 ದತ್ತಾಂಶ ಸಿದ್ಧಪಡಿಸುವ ಕ್ರಮ ಬದಲಾಗಿದೆ. ತೀರಾ ಕಪ್ಪಾದ ಮೇಲ್ಮೈಗಳಲ್ಲಿ ಮೌಲ್ಯ ಸೊನ್ನೆಗಿಂತ ಕೆಳಗಿಳಿದು ಕಳೆದುಹೋಗದಿರಲೆಂದು ಪ್ರತಿ ಅಂಕಿಗೂ 1000 ಕೂಡಿಸಿಡುತ್ತಾರೆ. ಬಳಸುವ ಮೊದಲು ನಾವು ಅದನ್ನು ಕಳೆಯಬೇಕು. ನಿಮ್ಮ ಫೆಬ್ರುವರಿ ಚಿತ್ರದಲ್ಲಿ ಕಳೆದು ನೋಡಿ: ಕೆಂಪು 295, ಅವಕೆಂಪು 3510. ವ್ಯತ್ಯಾಸ 3215, ಮೊತ್ತ 3805. ಭಾಗಿಸಿದರೆ ಮತ್ತೆ 0.84. ಕಾಡು ಎಲ್ಲಿತ್ತೋ ಅಲ್ಲೇ ಇದೆ.

ತಾರೀಕೊಂದನ್ನೇ ನೆಚ್ಚಬೇಡಿ. ಹಳೆಯ ಚಿತ್ರಗಳನ್ನೂ ಹೊಸ ಕ್ರಮದಲ್ಲಿ ಮತ್ತೆ ಸಿದ್ಧಪಡಿಸಿದ್ದಾರೆ, ಹಾಗಾಗಿ ಪ್ರತಿ ಚಿತ್ರದ ಜೊತೆ ಬರುವ ಮಾಹಿತಿ ಕಡತದಲ್ಲಿ ಸಂಸ್ಕರಣೆಯ ಆವೃತ್ತಿ ನೋಡಬೇಕು. 04.00 ಅಥವಾ ಅದಕ್ಕಿಂತ ಹೊಸದಾಗಿದ್ದರೆ 1000 ಕಳೆಯಿರಿ. ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಕೆಲಸ ಮಾಡುವವರು 'ಹಾರ್ಮೊನೈಸ್ಡ್' ಎಂಬ ಹೆಸರಿನ ಸಂಗ್ರಹ ಬಳಸಿದರೆ ಈ ತಾಪತ್ರಯವಿಲ್ಲ. ಇನ್ನು ಮುಂದೆ ಇಂಥ ಕುಸಿತ ಕಂಡಾಗ ಪಕ್ಕದ ಒಣನೆಲದ ಮರಗಳನ್ನು, ಒಂದು ದೊಡ್ಡ ಚಾವಣಿಯನ್ನು ಕೂಡ ಅಳೆದು ನೋಡಿ. ಚಾವಣಿಯ ಅಂಕಿಯೂ ಹಾಗೇ ಜಿಗಿದಿದ್ದರೆ ತಪ್ಪು ಎಲೆಯದಲ್ಲ.

ಕಾಂಡ್ಲಾ ಕಾಡಿನಲ್ಲಿ ಇನ್ನೊಂದು ಮೋಸ ಉಬ್ಬರ-ಇಳಿತದ್ದು. ಉಪಗ್ರಹ ಸೂರ್ಯನ ಲೆಕ್ಕದಲ್ಲಿ ಬೆಳಿಗ್ಗೆ ಸುಮಾರು 10.30ಕ್ಕೆ ಬರುತ್ತದೆ, ಆದರೆ ಸಮುದ್ರ ಆ ವೇಳೆಗೆ ಒಂದು ದಿನ ತುಂಬಿರುತ್ತದೆ, ಇನ್ನೊಂದು ದಿನ ಇಳಿದಿರುತ್ತದೆ. ನೀರು ಅವಕೆಂಪನ್ನು ನುಂಗುತ್ತದೆ. ಎಳೆಯ ಗಿಡಗಳ ನಡುವೆ ನೀರು ನಿಂತ ದಿನ ಎನ್‌ಡಿವಿಐ ಬೀಳುತ್ತದೆ. ಅದೇ ದಿನ ಕಿರುತರಂಗ ಅವಕೆಂಪು (ಶಾರ್ಟ್‌ವೇವ್ ಇನ್‌ಫ್ರಾರೆಡ್) ಪಟ್ಟಿ ಬಳಸಿ ಎಲೆಯ ತೇವಾಂಶ ಲೆಕ್ಕ ಹಾಕಿದರೆ ಏರಿರುತ್ತದೆ, ಏಕೆಂದರೆ ನೀರು ಆ ಪಟ್ಟಿಯನ್ನು ಇನ್ನೂ ಹೆಚ್ಚು ನುಂಗುತ್ತದೆ. ಒಂದೇ ಗಿಡ, ಒಂದೇ ಹೊತ್ತು. ಒಂದು ಸೂಚ್ಯಂಕ ಸೊರಗಿದೆ ಎನ್ನುತ್ತದೆ, ಇನ್ನೊಂದು ಸೊಂಪಾಗಿದೆ ಎನ್ನುತ್ತದೆ. ಉಬ್ಬರದ ವೇಳಾಪಟ್ಟಿ ಪಕ್ಕದಲ್ಲಿಟ್ಟುಕೊಂಡು ಇಳಿತದ ದಿನಗಳ ಚಿತ್ರಗಳನ್ನಷ್ಟೇ ಒಂದಕ್ಕೊಂದು ಹೋಲಿಸಿ. ಚಿತ್ರಗಳ ಸಂಖ್ಯೆ ಅರ್ಧಕ್ಕಿಳಿದರೂ ಚಿಂತೆಯಿಲ್ಲ.

ಪ್ರಶ್ನೆ: ಎಲೆ ಹಳದಿಯಾಗುವ ಮುನ್ನವೇ ಬಾಧೆ ತಿಳಿಯಬೇಕಾದರೆ ಎನ್‌ಡಿವಿಐ ಸಾಕೇ?

ಉತ್ತರ: ದಟ್ಟ ಕಾಡಿಗೆ ಸಾಲದು. ಸ್ವಲ್ಪ ಪತ್ರಹರಿತ್ತಿದ್ದರೂ ಕೆಂಪು ಬೆಳಕು ಬಹುತೇಕ ಪೂರ್ತಿ ಹೀರಿಹೋಗುತ್ತದೆ. ಇದ್ದದ್ದರಲ್ಲಿ ಒಂದಿಷ್ಟು ಕಡಿಮೆಯಾದರೂ ಕೆಂಪು ಪಟ್ಟಿಗೆ ಗೊತ್ತೇ ಆಗುವುದಿಲ್ಲ. ಕೆಂಪು ಮುಗಿದು ಅವಕೆಂಪು ಶುರುವಾಗುವ ಅಂಚಿದೆಯಲ್ಲ, ಸುಮಾರು 680ರಿಂದ 750 ನ್ಯಾನೋಮೀಟರ್, ಅದನ್ನು ರೆಡ್ ಎಡ್ಜ್ ಎನ್ನುತ್ತೇವೆ. ಅಲ್ಲಿ ಪತ್ರಹರಿತ್ತು ಬೆಳಕನ್ನು ಅರೆಬರೆ ಹೀರುತ್ತದೆ, ಹಾಗಾಗಿ ಸಣ್ಣ ಇಳಿಕೆಯೂ ದಾಖಲಾಗುತ್ತದೆ. ಸೆಂಟಿನೆಲ್-2ರ 5ನೇ ಪಟ್ಟಿ 705 ನ್ಯಾನೋಮೀಟರಿನದು. ಕೆಂಪಿನ ಬದಲು ಅದನ್ನು 8ಎ ಪಟ್ಟಿಯ ಜೊತೆ ಬಳಸಿ. ಎರಡೂ 20 ಮೀಟರಿನವು, ಆದ್ದರಿಂದ ಒಂದು ಪಿಕ್ಸೆಲ್ 400 ಚದರ ಮೀಟರು. ಕೋಡಿಯ ದಡದಲ್ಲಿ ಒಂದೆರಡು ಸಾಲು ಮರಗಳಷ್ಟೇ ಇದ್ದರೆ ಆ ಪಿಕ್ಸೆಲ್ಲಿನಲ್ಲಿ ಅರ್ಧ ಕೆಸರೇ ಇರುತ್ತದೆ; ಅಂಥ ಕಡೆ ಇದು ಕೆಲಸಕ್ಕೆ ಬಾರದು.

ಪ್ರಶ್ನೆ: ಒಂದಿಡೀ ಪಟ್ಟೆ ಬೋಳಾಯಿತು. ಸತ್ತುಹೋಯಿತೆಂದು ನಕ್ಷೆಯಲ್ಲಿ ಗುರುತಿಸಿದೆ. ಎರಡು ತಿಂಗಳಲ್ಲಿ ಮತ್ತೆ ಚಿಗುರಿತು! ಎಲ್ಲಿ ಎಡವಿದೆ?

ಉತ್ತರ: ಆತುರವಾಯಿತು, ಅಷ್ಟೆ. ಅದು ಅವಿಸೀನಿಯಾ ಎಂಬ ಬಗೆಯ ಕಾಂಡ್ಲಾ ಮರಗಳ ಪಟ್ಟೆಯಾಗಿದ್ದರೆ ತೇಗದ ಎಲೆ ತಿನ್ನುವ ಕಂಬಳಿಹುಳು, ಹೈಬ್ಲಿಯಾ ಪ್ಯುವೆರಾ, ಬಂದುಹೋಗಿರಬಹುದು. ಅದು ಅವಿಸೀನಿಯಾವನ್ನೂ ಬಿಡುವುದಿಲ್ಲ. ಎಲೆಯ ನರ ಮಾತ್ರ ಉಳಿಸಿ ಎಲ್ಲ ಕೆರೆದು ತಿನ್ನುತ್ತದೆ, ಮರ ಮಾತ್ರ ಸಾಮಾನ್ಯವಾಗಿ ಸಾಯುವುದಿಲ್ಲ, ವಾರಗಳಲ್ಲೇ ಚಿಗುರುತ್ತದೆ.

ನಿಜವಾದ ಸಾವು ಹೇಗಿರುತ್ತದೆಂದು ತಿಳಿಯಲು ಆಸ್ಟ್ರೇಲಿಯಾದ ಕಾರ್ಪೆಂಟೇರಿಯಾ ಕೊಲ್ಲಿಯನ್ನು ನೋಡಬೇಕು. 2015ರ ಕೊನೆಯಿಂದ 2016ರ ಆರಂಭದೊಳಗೆ, 1000 ಕಿಲೋಮೀಟರಿಗೂ ಉದ್ದದ ಕರಾವಳಿಯಲ್ಲಿ, ಸುಮಾರು 7400 ಹೆಕ್ಟೇರ್ ಕಾಂಡ್ಲಾ ಒಣಗಿ ನಿಂತಿತು. ಎಲ್ ನಿನೋ ಕಾಲದಲ್ಲಿ ಸಮುದ್ರಮಟ್ಟ ತಾತ್ಕಾಲಿಕವಾಗಿ ಇಳಿದು ಬೇರುಗಳಿಗೆ ನೀರು ತಲುಪದೇ ಹೋದದ್ದು ಮುಖ್ಯ ಕಾರಣವೆಂದು ಸಂಶೋಧಕರು ಹೇಳುತ್ತಾರೆ. ಜನವಸತಿ ತೀರಾ ವಿರಳವಾದ ಆ ಕರಾವಳಿಯಲ್ಲಿ ಯಾವಾಗ ಏನಾಯಿತೆಂದು ಹಿಂದಕ್ಕೆ ಹೋಗಿ ನೋಡಲು ಸಾಧ್ಯವಾದದ್ದು ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳ ಸರಣಿಯಿಂದ. ಅಲ್ಲಿ ಹಸಿರಿನ ಸೂಚ್ಯಂಕದ ರೇಖೆ ಬಿದ್ದದ್ದು ಮೇಲೇಳಲಿಲ್ಲ. ಹಾಗಾಗಿ ಒಂದು ಚಿತ್ರದಿಂದ ತೀರ್ಮಾನಿಸಬೇಡಿ, ಕನಿಷ್ಠ ಒಂದು ವರ್ಷದ ರೇಖೆ ಎಳೆಯಿರಿ. ಬೋಳಾದ ಜಾಗ ಒಡ್ಡು ಅಥವಾ ರಸ್ತೆಯ ಒಂದೇ ಮಗ್ಗುಲಿಗೆ ಅಂಟಿಕೊಂಡಿದ್ದರೆ ಮಾತ್ರ ವರ್ಷ ಕಾಯದೆ ಕೂಡಲೇ ಹೋಗಿ ನೋಡಿ. ನೀರು ಹೊರಹೋಗದೆ ಉಸಿರುಬೇರುಗಳು ಮುಳುಗಿಯೇ ಇದ್ದರೆ ಮರ ಉಸಿರುಗಟ್ಟಿ ಸಾಯುತ್ತದೆ. ಮೋರಿ ಬಿಡಿಸಿದರೆ ಉಳಿಸಿಕೊಳ್ಳಬಹುದಾದ ಮರಗಳು ಅವು.

ಪ್ರಶ್ನೆ: ಡ್ರೋನ್ ಹಾರಿಸುವ ದಿನ ಕೆಳಗೆ ನೆಲದ ಮೇಲೆ ಏನು ಮಾಡಬೇಕು?

ಉತ್ತರ: ಹಾರುವ ಮುಂಚೆ, ಇಳಿದ ಮೇಲೆ, ಎರಡು ಸಲವೂ, ಆ ಹೊತ್ತಿನ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು, ಬಿಳಿಬೂದು ಮಾಪನ ಫಲಕದ ಚಿತ್ರ ತೆಗೆಯಿರಿ. ಪತ್ರಹರಿತ್ತಿನ ಮೀಟರು ಹಿಡಿಯುವಾಗ ಕೊಂಬೆಯ ತುದಿಯಿಂದ ಎರಡನೆಯ ಅಥವಾ ಮೂರನೆಯ ಜೋಡಿ ಎಲೆಯನ್ನೇ ಆರಿಸಿ. ರೈಜೋಫೊರಾ ಎಂಬ ಇನ್ನೊಂದು ಬಗೆಯ ಕಾಂಡ್ಲಾ ಮರದಲ್ಲಿ ಕೊಂಬೆಯ ಬುಡದ ಎಲೆ ಹಳದಿಯಾಗಿದ್ದರೆ ಅದು ಮುದಿಯೆಲೆ. ಉದುರುವ ಮುನ್ನ ಮರ ತನ್ನ ಸಾರಜನಕವನ್ನು ಅದರಿಂದ ವಾಪಸು ಎಳೆದುಕೊಳ್ಳುತ್ತಿರುತ್ತದೆ.

ಗಾಳಿಯಿರುವ ದಿನ ಹಾರಿಸಬೇಡಿ. ಅವಿಸೀನಿಯಾದ ಎಲೆಯನ್ನು ಕೈಯಲ್ಲಿ ಮಗುಚಿ ನೋಡಿ: ಮೇಲೆ ಕಡುಹಸಿರು, ಅಡಿಯಲ್ಲಿ ನವಿರು ರೋಮದ ಬೂದುಬಿಳಿ, ನಾಲಿಗೆಗೆ ತಾಗಿಸಿದರೆ ಎಲೆಯೇ ಹೊರಹಾಕಿದ ಉಪ್ಪು ಸಿಗುತ್ತದೆ. ಜೋರು ಗಾಳಿಗೆ ಎಲೆಗಳೆಲ್ಲ ಮಗುಚಿಕೊಂಡಾಗ ಮೇಲಿಂದ ಇಡೀ ಮರ ಬಿಳಿಚಿದಂತೆ ಕಾಣುತ್ತದೆ. ಅಂಥ ಒಂದು ಚಿತ್ರ ನೋಡಿ ನಾವು ಅರ್ಧ ದಿನ ರೋಗಕ್ಕಾಗಿ ಕೆಸರಿನಲ್ಲಿ ಹುಡುಕಿದ್ದೇವೆ. ಮರುದಿನ ಗಾಳಿ ನಿಂತ ಬೆಳಗಿನಲ್ಲಿ ಹಾರಿಸಿದಾಗ ಅವೇ ಮರಗಳು ಕಡುಹಸಿರಾಗಿ ಬಂದವು.