ತಂದೆ ಸಹಿ ಹಾಕಿದ ಪಾಲುಪಟ್ಟಿ ಮಕ್ಕಳಿಗೂ ಅನ್ವಯಿಸುತ್ತಾ?

1998ರಲ್ಲಿ ನಿಮ್ಮ ತಂದೆ ಮತ್ತು ದೊಡ್ಡಪ್ಪ ಪಾಲುಪಟ್ಟಿ ನೋಂದಾಯಿಸಿದಾಗ ನಿಮಗೆ 9 ವರ್ಷ, ರಸ್ತೆ ಬದಿಯ ಜಮೀನು ದೊಡ್ಡಪ್ಪನಿಗೆ ಹೋಯಿತು ಅಂದಿದ್ದೀರಿ. ಮೈನರ್ ಆಗಿದ್ದಿರಿ ಅನ್ನುವ ಒಂದೇ ಕಾರಣಕ್ಕೆ ಅದು ಬಿದ್ದುಹೋಗುವುದಿಲ್ಲ ಸರ್. ಹಿಂದೂ ಅವಿಭಕ್ತ ಕುಟುಂಬದಲ್ಲಿ ತಂದೆ ಮಕ್ಕಳ ಪರವಾಗಿಯೂ ಪಾಲು ಮಾಡಿಕೊಳ್ಳಬಹುದು.

ಆದರೆ ಹಂಚಿಕೆ ಅನ್ಯಾಯವಾಗಿದ್ದು ಮೈನರ್‌ಗೆ ನಷ್ಟವಾಗಿದ್ದರೆ ಮತ್ತೆ ತೆರೆಸಬಹುದು. ಎಪ್ಪತ್ತರ ದಶಕದ ರತ್ನಂ ಚೆಟ್ಟಿಯಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೀಗೇ ಹೇಳಿತು. ಅಲ್ಲಿ ಚರಾಸ್ತಿಯ ಹಂಚಿಕೆಯನ್ನು ಮಾತ್ರ ಮತ್ತೆ ತೆರೆದು, ಸ್ಥಿರಾಸ್ತಿಯದನ್ನು ಹಾಗೇ ಉಳಿಸಿದರು.

ಹಂಚಿಕೆ ನ್ಯಾಯವಾಗಿತ್ತು ಅಂತ ಸಾಬೀತು ಮಾಡುವ ಹೊಣೆ ಆ ಪಾಲನ್ನು ಸಮರ್ಥಿಸುವವರದು ಅಂತ ಅದೇ ಕೇಸಿನಲ್ಲಿ ಹೇಳಿದೆ. ಆದರೆ ನ್ಯಾಯ-ಅನ್ಯಾಯ ನೋಡುವುದು 1998ರ ಬೆಲೆ ಹಿಡಿದು. ಆಮೇಲೆ ರಸ್ತೆ ಅಗಲವಾಗಿ ರೇಟು ಏರಿದ್ದರೆ ಅದು ವಾದವಾಗಲ್ಲ, ಹೆಚ್ಚಿನವರು ಎಡವುವುದೇ ಇಲ್ಲಿ. 18 ತುಂಬಿದ ಮೇಲೆ ನಿಮ್ಮ ಪಾಲಿನ ಮೇಲೆ ಸಾಲ ತೆಗೆದಿದ್ದರೆ, ಸ್ವಲ್ಪ ಮಾರಿದ್ದರೆ, ಒಪ್ಪಿಕೊಂಡಿದ್ದೀರಿ ಅಂತ ಎದುರಿನವರು ಹೇಳದೆ ಬಿಡುತ್ತಾರಾ? ಇಷ್ಟು ವರ್ಷ ಸುಮ್ನಿದ್ದಿದ್ದಕ್ಕೂ ಉತ್ತರ ಬೇಕು.

ಇನ್ನೊಂದು, ಆ ಜಮೀನು ಪಿತ್ರಾರ್ಜಿತವೋ, ತಾತನ ಸ್ವಯಾರ್ಜಿತವೋ? ಸ್ವಯಾರ್ಜಿತವಾದರೆ ಸಾಮಾನ್ಯವಾಗಿ ಹುಟ್ಟಿನಿಂದ ಬರುವ ಹಕ್ಕು ಇರುವುದಿಲ್ಲ. ಹಳೆಯ ಪಹಣಿ, ಇ.ಸಿ. (ಋಣಭಾರ ಪ್ರಮಾಣಪತ್ರ), ಪಾಲುಪಟ್ಟಿಯ ನಕಲು ತೆಗೆದುಕೊಂಡು ಸಿವಿಲ್ ವಕೀಲರನ್ನು ಬೇಗ ನೋಡಿ.